ಮೂರೇ ದಿನಕ್ಕೆ ಕೊಳೆತ ಒಣಮೀನು

ಪತ್ರಿಕೆಯ ಕೆಲಸದಲ್ಲಿ ನಾನು ಕಲಿತದ್ದು ಮೂರು ಪಾಠ. ಕಣ್ಣಾರೆ ಕಂಡದ್ದನ್ನು ಬರೆಯಬೇಕು. ಕಿವಿಯಿಂದ ಕೇಳಿದ್ದನ್ನು ಇನ್ನೊಬ್ಬರ ಬಾಯಿಂದಲೂ ಕೇಳಿಕೊಂಡು ಬರೆಯಬೇಕು. ಸಿಟ್ಟು ಬಂದಾಗ ಬರೆಯಬಾರದು. ಮೊದಲ ಎರಡನ್ನು ಇಷ್ಟು ವರ್ಷ ತಪ್ಪದೆ ಪಾಲಿಸಿದ್ದೇನೆ. ಮೂರನೆಯದನ್ನು ಇವತ್ತು ಮುರಿಯುತ್ತಿದ್ದೇನೆ. ಏಕೆಂದರೆ ಉಪ್ಪು ಹಾಕಿ ಒಣಗಿಸಿದ ಮೀನು ಮೂರು ದಿನಕ್ಕೆ ಕೊಳೆಯುತ್ತದೆ ಎಂದು ನಂಬಿರುವ ಜನ ಈ ಭೂಮಿಯ ಮೇಲೆ ಇದ್ದಾರೆ. ಅವರನ್ನು ಸುಮ್ಮನೆ ಬಿಟ್ಟರೆ ನಾನು ಕುಮಟೆ ತಾಲೂಕಿನವನೇ ಅಲ್ಲ!

ಹಿನ್ನೆಲೆ ಹೀಗಿದೆ. ನಮ್ಮ ಮನೆ ಹೊಳನಗದ್ದೆಯಲ್ಲಿ. ಆದರೆ ನನ್ನ ಹೆಂಡತಿ ಸುಮಂಗಲಾಗೆ ಇನ್ನೊಂದು ಮನೆಯಿದೆ. ಅದು ಒಂದು ದ್ವೀಪದಲ್ಲಿದೆ. ದ್ವೀಪ ಟ್ಯಾಬಿನಲ್ಲಿದೆ. ಅವಳ ತಂಗಿ ವೀಣಾ ಭಟ್ಕಳದಲ್ಲಿರುವವಳು. ವೀಣಾಳ ಗಂಡ ಸುಧಾಕರ ದುಬೈಯಲ್ಲಿ ಕೆಲಸಕ್ಕಿರುವವನು. ಹಿಂದಿನ ಸಲ ರಜೆಗೆ ಬಂದಾಗ ಅಕ್ಕ ತಂಗಿ ಇಬ್ಬರಿಗೂ ಒಂದೊಂದು ಟ್ಯಾಬು ತಂದುಕೊಟ್ಟ. ಭಜನೆ ಕೇಳಲಿ, ಅಡುಗೆ ವಿಡಿಯೋ ನೋಡಲಿ ಎಂಬುದು ಅವನ ಉದ್ದೇಶವಾಗಿತ್ತು. ಅವರಿಬ್ಬರೂ ಹಡಗು ಒಡೆದು ಒಂದು ನಿರ್ಜನ ದ್ವೀಪಕ್ಕೆ ಬಂದು ಬಿದ್ದರು.

ಅದು ಬದುಕುಳಿಯುವ ಆಟ. ಅಲ್ಲಿ ಕೊಲ್ಲುವವರಿಲ್ಲ, ಗೆಲ್ಲುವವರಿಲ್ಲ. ಹಸಿವು ಇದೆ, ಚಳಿ ಇದೆ, ಸಮುದ್ರ ಇದೆ. ಮೀನು ಹಿಡಿಯಬೇಕು, ಬೆಂಕಿ ಹಾಕಬೇಕು, ಚಳಿಗಾಲಕ್ಕೆ ಆಹಾರ ಕೂಡಿಡಬೇಕು. ಕೂಡಿಟ್ಟದ್ದು ಹಾಳಾಗುತ್ತದೆ, ಆಟದಲ್ಲಿ ಕುತ್ತಿಗೆ ಹಿಸುಕುವ ಭಾಗ ಇದೇ. ಪ್ರತಿ ತಿನಿಸಿನ ಕೆಳಗೆ ಒಂದು ಸಣ್ಣ ಪಟ್ಟಿ. ಹಸಿರಿದ್ದರೆ ತಾಜಾ, ಹಳದಿಯಾದರೆ ಹಳತು, ಕೆಂಪಾದರೆ ಇನ್ನೇನು ಹೋಯಿತು. ಆಮೇಲೆ ಅದು ಕಪ್ಪು ಮುದ್ದೆ. ತಿಂದರೆ ಹೊಟ್ಟೆನೋವು, ಗಿಡಕ್ಕೆ ಹಾಕಿದರೆ ಗೊಬ್ಬರ. ಟ್ಯಾಬು ಮುಚ್ಚಿಟ್ಟರೂ ಅಲ್ಲಿ ಕಾಲ ನಿಲ್ಲುವುದಿಲ್ಲ. ನಮ್ಮ ಒಂದು ದಿನಕ್ಕೆ ಅಲ್ಲಿ ಮೂರು ದಿನ. ಉಣ್ಣದೆ ಇಬ್ಬರೂ ಸತ್ತರೆ ಕಟ್ಟಿದ ಗುಡಿಸಲು, ಬೆಳೆಸಿದ ತೋಟ ಎಲ್ಲ ಮಾಯ. ಮತ್ತೆ ಒಡೆದ ಹಡಗಿನಿಂದ ಶುರು. ಅಕ್ಕ ತಂಗಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಆಡಿ, ಹಲವು ಸಲ ಹಾಗೆ ಸತ್ತು ಶುರುಮಾಡಿ, ಈ ಸಲ ಎರಡು ಚಳಿಗಾಲ ದಾಟಿದ್ದರು.

ಮೂರನೆಯ ಚಳಿಗಾಲ ಹತ್ತಿರವಿರುವಾಗಲೇ ವೀಣಾ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ನಿಜವಾದ ಮೆಟ್ಟಿಲು, ನಿಜವಾದ ಕೈ. ಅತ್ತ ಸುಧಾಕರನ ರಜೆ ಮುಗಿದು ಭಾನುವಾರ ಗೋವಾದಿಂದ ವಿಮಾನ. ಸುಮಂಗಲಾ ತಂಗಿಯ ಮನೆ ನೋಡಿಕೊಳ್ಳಲು, ಅವನ ಸಾಮಾನು ಕಟ್ಟಲು ಸೋಮವಾರ ಬೆಳಿಗ್ಗೆಯೇ ಭಟ್ಕಳಕ್ಕೆ ಹೊರಟಳು. ಹೊರಡುವ ಮೊದಲು, ಅಲ್ಲಿ ಆಡಲು ಪುರಸೊತ್ತು ಸಿಗದೆಂದು ಟ್ಯಾಬು ನನ್ನ ಕೈಗಿಟ್ಟು, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಎರಡು ಕಾಲಂ ಬರೆದಳು. ಎಡಗಡೆ 'ಮನೆ'. ಬಲಗಡೆ 'ದ್ವೀಪ'.

"ಮನೇದು ಮೊದ್ಲು ಕೇಳಿ," ಎಂದಳು. "ಅಡುಗೆಮನೆ ಮೂಲೇಲಿ ಎರಡು ಭರಣಿ ಉಂಟು. ದೊಡ್ಡದ್ರಲ್ಲಿ ಈ ವರ್ಷದ ಮಿಡಿ ಉಪ್ಪಿನಕಾಯಿ. ಅದ್ರ ಸುದ್ದಿಗೆ ಹೋಗೂಕಿಲ್ಲ. ಸಣ್ಣದ್ರಲ್ಲಿ ಹಳೇದು ನಾಕು ಕಾಯಿ ಉಂಟು, ಅದು ನಿಮ್ಗೆ."

"ಆತು."

"ಆತು ಅಂದ್ರೆ ಸಾಕಾಗೂದಿಲ್ಲ. ದೊಡ್ಡದು ಸುಧಾಕರಂಗೆ. ಯಾಣದ ಕಡೆ ಮರದ ಮಿಡಿ ಅದು. ಆ ಮರ ಎರಡು ವರ್ಷಕ್ಕೊಂದ್ಸಲ ಕಾಯಿ ಬಿಡೂದು. ಅವ್ನೂ ಎರಡು ವರ್ಷಕ್ಕೊಂದ್ಸಲ ಬರೂದು. ಎರಡೂ ಒಂದೇ ಸಲ ಬಂದದ್ದು ಇದೇ ಮೊದ್ಲು. ಅಲ್ಲಿ ಅವ್ನ ರೂಮಿನವ್ರೆಲ್ಲ ದಾರಿ ಕಾಯ್ತಾ ಇದ್ರು."

"ನಾನೇನು ಚಿಕ್ಕ ಮಗುವೆ?"

ಅವಳು ಪೆನ್ನು ಸರಿಸಿ ಬಲಗಡೆಯ ಕಾಲಂಗೆ ಬಂದಳು. ಆಟದೊಳಗಿನ ಅಕ್ಕ ತಂಗಿ ಇಬ್ಬರಿಗೂ ದಿನಾ ಉಣಿಸಬೇಕು, ಬೆಂಕಿ ಆರದಂತೆ ನೋಡಬೇಕು, ಉಗ್ರಾಣದ ಪಟ್ಟಿ ಕೆಂಪಾಗುವ ಮೊದಲು ಏನಾದರೂ ಮಾಡಬೇಕು. ಬಲಗಡೆಯ ಕಾಲಂ ಹಾಳೆಯ ತುದಿಯವರೆಗೆ ತುಂಬಿತು. ಎಡಗಡೆ ಎರಡೇ ಸಾಲು. ಎರಡು ಸಾಲಿನ ಮನೆಯನ್ನು ನಿಭಾಯಿಸಲು ಬಾರದವನು ಲೋಕದ ಸುದ್ದಿ ಹೇಗೆ ಬರೆದಾನು? ನನಗೆ ಸ್ವಲ್ಪವೂ ಅಳುಕಿರಲಿಲ್ಲ.

ಸೋಮವಾರ ಮಧ್ಯಾಹ್ನ ದ್ವೀಪಕ್ಕೆ ಇಳಿದೆ. ಉಗ್ರಾಣದಲ್ಲಿ ನಲವತ್ತು ಮೀನು ಇದ್ದವು. ಪಟ್ಟಿ ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ನಾನು ನಕ್ಕೆ. ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದವನ ಮುಂದೆ ಮೀನು ಕೆಡುವ ಸಮಸ್ಯೆಯೆ? ಆಟದಲ್ಲಿ ಉಪ್ಪು ಇತ್ತು. ಒಣಗಿಸುವ ಅಟ್ಟಣೆಯೂ ಇತ್ತು. ನಲವತ್ತಕ್ಕೂ ಉಪ್ಪು ಹಾಕಿ ಬಿಸಿಲಿಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ನಲವತ್ತು ಮೀನೂ 'ಒಣಮೀನು' ಎಂದು ಹೆಸರು ಬದಲಿಸಿಕೊಂಡವು. ಪಟ್ಟಿ ಹಚ್ಚ ಹಸಿರು! ಅಕ್ಕ ತಂಗಿ ಎರಡು ಚಳಿಗಾಲ ಪರದಾಡಿದ್ದನ್ನು ನಾನು ಅರ್ಧ ತಾಸಿನಲ್ಲಿ ಮುಗಿಸಿದ್ದೆ.

ಮಂಗಳವಾರ ಮಧ್ಯಾಹ್ನ ಹೋಗಿ ನೋಡುತ್ತೇನೆ: ನಲವತ್ತು ಕಪ್ಪು ಮುದ್ದೆ.

ಮೂರು ಸಲ ಮುಚ್ಚಿ ತೆಗೆದು ನೋಡಿದೆ. ಕಪ್ಪೇ. ದ್ವೀಪದ ಲೆಕ್ಕದಲ್ಲಿ ಕಳೆದದ್ದು ಮೂರು ದಿನ. ಮೂರೇ ದಿನ! ಹಸಿ ಮೀನಿಗೆ ಕೊಟ್ಟಷ್ಟೇ ಆಯಸ್ಸನ್ನು ಈ ಆಟ ಮಾಡಿದ ಪುಣ್ಯಾತ್ಮರು ಒಣಮೀನಿಗೂ ಕೊಟ್ಟಿದ್ದರು. ಹಾಗಾದರೆ ಉಪ್ಪು ಯಾತಕ್ಕೆ? ಬಿಸಿಲು ಯಾತಕ್ಕೆ? ನಮ್ಮ ಕರಾವಳಿಯ ಹೆಂಗಸರು ತಲೆತಲಾಂತರದಿಂದ ಸುಡುವ ಮರಳಿನಲ್ಲಿ ನಿಂತು ಮೀನು ಮಗುಚಿ ಹಾಕಿದ್ದು ಮೂರು ದಿನದ ಸೌಭಾಗ್ಯಕ್ಕಾಗಿಯೆ?

ನನ್ನ ಸಿಟ್ಟಿಗೆ ಎರಡನೆಯ ಸಾಕ್ಷಿ ಬೇಕಿತ್ತು. ಪಕ್ಕದ ಮನೆಯ ದೇವಕ್ಕ ಒಣಮೀನು ಮಾಡಿ ಕುಮಟೆ ಪೇಟೆಯಲ್ಲಿ ಮಾರುವವಳು. ಅಂಗಳದಲ್ಲಿ ಚಾಪೆ ಹಾಸಿ ಸೀಗಡಿ ಒಣಗಿಸುತ್ತ ಕೂತಿದ್ದಳು. ಬೇಲಿಯ ಬಳಿ ನಿಂತು ಕೇಳಿದೆ.

"ದೇವಕ್ಕ, ಒಣಮೀನು ಎಷ್ಟು ದಿನ ಬರ್ತದೆ?"

"ಸಮಾ ಒಣಗಿದ್ರೆ ಮಳೆಗಾಲ ಪೂರ್ತಿ ಬರ್ತದೆ. ಎಂತಕೆ ಪೇಪರಿನವ್ರೆ?"

"ಮೂರು ದಿನಕ್ಕೆ ಹಾಳಾದರೆ?"

ದೇವಕ್ಕ ಕಾಗೆ ಓಡಿಸುವ ಕೋಲನ್ನು ಕೆಳಗಿಟ್ಟಳು. "ಯಾರ ಹತ್ರ ತಕಂಡ್ರಿ? ಪಕ್ಕದ ಮನೇಲಿ ನಾ ಇರೂವಾಗ ನೀವು ಬೇರೆಯವ್ರ ಹತ್ರ ತಕಂಡ್ರಾ?"

"ತಗೊಂಡಿಲ್ಲ. ನಾನೇ ಒಣಗಿಸಿದ್ದು."

"ನೀವು!" ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾವ ಮೀನು?"

"ಹೆಸರಿಲ್ಲ. ಬರೀ 'ಮೀನು' ಅಂತ ಬರೆದದೆ."

"ಬಂಗಡೆಯಾ? ತಾರ್ಲೆಯಾ?"

"ಗೊತ್ತಿಲ್ಲ."

"ಹೊಟ್ಟೆ ಬಗೆದು ಕರುಳು ತೆಗೆದ್ರಾ?"

ಆಟದಲ್ಲಿ ಅಂಥ ಏರ್ಪಾಡೇ ಇರಲಿಲ್ಲ. "ಇಲ್ಲ," ಎಂದೆ.

"ಹೆಸ್ರು ಗೊತ್ತಿಲ್ದಿದ್ ಮೀನನ್ನ ಕರುಳು ಸಮೇತ ಒಣಗಿಸಿ, ನಂಗೆ ಬಂದು ಪ್ರಶ್ನೆ ಕೇಳ್ತ್ರಿ! ಮೂರು ದಿನ ಇದ್ದದ್ದೇ ಹೆಚ್ಚು."

ಸಾಕ್ಷಿ ತಿರುಗಿ ಬಿದ್ದಿತು. ಇನ್ನು ಉಳಿದದ್ದು ಸುಮಂಗಲಾಗೆ ಫೋನು ಮಾಡುವುದು. ನಲವತ್ತು ಮೀನು ಹೋದ ಸುದ್ದಿಯನ್ನು ಅವಳು ತಂಗಿಗೆ ದಾಟಿಸಿದಳು. ಆಚೆಯಿಂದ ವೀಣಾ "ಅಯ್ಯೋ ಭಾವಾ, ನಮ್ಮನ್ನ ಉಪಾಸ ಕೊಲ್ತ್ರಿ ನೀವು!" ಎಂದದ್ದು ಕೇಳಿಸಿತು.

"ಒಣಮೀನು ಹೀಗೆ ಕೆಡೋದು ಸುಳ್ಳು," ಎಂದೆ. "ಇದು ವಾಸ್ತವಕ್ಕೆ ವಿರುದ್ಧ."

"ವಾಸ್ತವ ಎಂತಕೆ ಬೇಕು ನಿಮ್ಗೆ? ಅದು ಆಟ. ಆಟದ ರೀತಿ ಬೇರೆ. ಇನ್ನೂ ಕಾಯಿ, ಮಾಂಸ ಉಂಟಲ್ಲ? ಹೊಸ್ತಾಗಿ ಸಿಕ್ಕಿದ್ದನ್ನ ಹಳೇದ್ರ ಜೊತೆ ಒಂದೇ ಗೂಡಲ್ಲಿ ಹಾಕಿ. ಪಟ್ಟಿ ಸರಾಸರಿ ಆಗ್ತದೆ. ಒಂದು ಹಸಿರು ಒಂದು ಕೆಂಪು ಕೂಡಿಸಿದ್ರೆ ಎರಡೂ ಹಳದಿ. ಹಂಗೇ ಚಳಿಗಾಲ ದೂಡೂದು."

ನಾನು ದಂಗಾದೆ. ಕೆಟ್ಟ ಕಾಯಿ ಒಳ್ಳೆಯ ಕಾಯಿಯ ಪಕ್ಕ ಕೂತರೆ ಅರ್ಧ ಒಳ್ಳೆಯದಾಗುತ್ತದಂತೆ! ಇಂಥದ್ದು ಪಕ್ಷ ಬದಲಿಸಿದವರ ವಿಷಯದಲ್ಲಿ ನಡೆಯುವುದನ್ನು ನಾನೇ ವರದಿ ಮಾಡಿದ್ದೇನೆ. ಹಣ್ಣು ಕಾಯಿಗಳಲ್ಲಿ ಕಂಡಿರಲಿಲ್ಲ. ಆದರೂ ಆಕೆ ಹೇಳಿದ್ದನ್ನು ಗುರುತು ಮಾಡಿಕೊಳ್ಳುವುದು ಕರ್ತವ್ಯ. ಹಾಳೆ ತೆಗೆದೆ. ಬಲಗಡೆ ಜಾಗವಿರಲಿಲ್ಲ. ಎರಡು ಕಾಲಂಗಳ ನಡುವೆ ದಪ್ಪಕ್ಷರದಲ್ಲಿ ಬರೆದೆ: 'ಹಳೆಯದನ್ನು ಹೊಸದರೊಂದಿಗೆ ಕೂಡಿಸಿದರೆ ಉಳಿಯುತ್ತದೆ.'

ಪರೀಕ್ಷಿಸಿ ನೋಡಿದೆ. ಕೆಂಪು ಕಾಯಿ ಹತ್ತು, ಹಸಿರು ಕಾಯಿ ಹತ್ತು. ಒಂದೇ ಗೂಡಿಗೆ ಹಾಕಿದೆ. ಇಪ್ಪತ್ತೂ ಹಳದಿ! ಮಾಂಸ ಕೂಡಿಸಿದೆ, ಹಳದಿ! ಗೆಡ್ಡೆ ಕೂಡಿಸಿದೆ, ಹಳದಿ! ಸಂಜೆಯೊಳಗೆ ಉಗ್ರಾಣ ಪೂರ್ತಿ ಹಳದಿಯಾಗಿ ಮದುವೆಮನೆಯಂತೆ ಹೊಳೆಯಿತು. ಮಧ್ಯಾಹ್ನ ನಾಸ್ತಿಕನಾಗಿದ್ದವನು ಸಂಜೆಗೆ ಭಕ್ತನಾಗಿದ್ದೆ.

ಬುಧವಾರ ಊಟಕ್ಕೆ ಕೂತಾಗ ಸಣ್ಣ ಭರಣಿಯ ಬಟ್ಟೆ ಬಿಚ್ಚಿದೆ. ಹಳೆಯ ಮಿಡಿ ನಾಲ್ಕು ಇದ್ದವು. ಒಂದರ ತೊಟ್ಟಿನ ಹತ್ತಿರ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಬೂಷ್ಟಿನ ಆರಂಭವಿರಬಹುದು, ಖಚಿತವಾಗಿರಲಿಲ್ಲ. ನನಗೆ ಅದರ ಕೆಳಗೆ ಕೆಂಪು ಪಟ್ಟಿ ಕಂಡಿತು.

ಇಲ್ಲಿ ಓದುಗರು ನನ್ನನ್ನು ಮೂರ್ಖ ಎಂದುಕೊಳ್ಳಬಾರದು. ನಾನು ಒಂದೇ ಮೂಲವನ್ನು ನಂಬಿ ಮುಂದುವರಿಯಲಿಲ್ಲ. ಮೊದಲನೆಯ ಮೂಲ: ದ್ವೀಪದ ಉಗ್ರಾಣ. ಎರಡನೆಯ ಮೂಲ: ಹೆಪ್ಪು. ನಿನ್ನೆಯ ಮೊಸರು ಒಂದು ಚಮಚ ಹಾಕಿದರೆ ಇವತ್ತಿನ ಹಾಲೂ ಮೊಸರಾಗುತ್ತದೆ. ಹಳೆಯದಕ್ಕೂ ಹೊಸದಕ್ಕೂ ಒಳ್ಳೆಯದು. ಮೂರನೆಯ ಮೂಲ: ಮೀನುಸಾರು. ನಿನ್ನೆಯದನ್ನು ಕಾಯಿಸಿ ಉಂಡರೆ ಇವತ್ತಿನದಕ್ಕಿಂತ ರುಚಿ ಎಂದು ನಮ್ಮ ಕಡೆ ಯಾರ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಮೂರು ಮೂಲಗಳೂ ಒಂದೇ ಮಾತು ಹೇಳಿದವು. ಹಾಳೆಯ ನಡುವೆ ದಪ್ಪಕ್ಷರದ ಸಾಲೂ ಇತ್ತು. ಅದು ಯಾವ ಕಾಲಂಗೆ ಸೇರಿದ್ದು ಎಂಬುದು ಹಾಳೆಯಲ್ಲಿ ಸ್ಪಷ್ಟವಿರಲಿಲ್ಲ. ಹಾಗೆ ಬರೆದವನು ನಾನೇ ಎಂಬುದು ಬೇರೆ ವಿಷಯ.

ದೊಡ್ಡ ಭರಣಿಯ ಸುದ್ದಿಗೆ ಹೋಗಬಾರದೆಂಬ ಸಾಲು ನೆನಪಿತ್ತು. ಆದರೆ ಅದರ ಅರ್ಥ ತಿನ್ನಬಾರದು ಎಂದಷ್ಟೇ. ನಾನು ತೆಗೆಯುತ್ತಿರಲಿಲ್ಲವಲ್ಲ, ಹಾಕುತ್ತಿದ್ದೆ! ಸುಧಾಕರನಿಗೆ ನಾಲ್ಕು ಕಾಯಿ ಹೆಚ್ಚೇ ಸಿಗುತ್ತಿತ್ತು.

ಶುಚಿಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ಸೌಟನ್ನು ಬಾವಿಯ ನೀರಿನಲ್ಲಿ ಎರಡು ಸಲ ತೊಳೆದೆ. ಕೈ ತೊಳೆದೆ. ನಾಲ್ಕೂ ಹಳೆಯ ಮಿಡಿಗಳನ್ನು ರಸದ ಸಮೇತ ದೊಡ್ಡ ಭರಣಿಗೆ ಸುರಿದೆ. ಸಣ್ಣ ಭರಣಿಯ ತಳದಲ್ಲಿ ಮಸಾಲೆ ಅಂಟಿಕೊಂಡಿತ್ತು. ಹಾಳು ಮಾಡುವುದೇಕೆಂದು ಎರಡು ಚಮಚ ನೀರು ಹಾಕಿ ಕುಲುಕಿ ಅದನ್ನೂ ಸುರಿದೆ. ತೊಳೆದ ಸೌಟಿನಿಂದ ತಳದವರೆಗೆ ಚೆನ್ನಾಗಿ ತಿರುವಿದೆ, ಸರಾಸರಿ ಎಲ್ಲ ಕಡೆ ಸಮನಾಗಿ ಆಗಲಿ ಎಂದು. ಬಟ್ಟೆ ಕಟ್ಟಿದೆ. ಅದನ್ನೂ ಒಗೆದೇ ಕಟ್ಟಿದ್ದು.

ಅದೇ ಸಂಜೆ ಆಟದವರಿಗೆ ಒಂದು ಖಂಡನಾ ಪತ್ರ ಬರೆದೆ. ನನಗೆ ಬರುವ ಇಂಗ್ಲಿಷಿನಲ್ಲಿ ಎರಡು ಪುಟ. ಒಣಮೀನು ಮಾಡುವ ಕ್ರಮ, ಉಪ್ಪಿನ ಪ್ರಮಾಣ, ಬಿಸಿಲಿನ ದಿನಗಳು, ದೇವಕ್ಕನ ಹೇಳಿಕೆ ಎಲ್ಲವನ್ನೂ ಕ್ರಮವಾಗಿ ನಮೂದಿಸಿದೆ. ತಾವು ಮೀನಿಗೆ ಒಂದು ಹೆಸರನ್ನಾದರೂ ಇಡಬೇಕು ಎಂದು ಕೇಳಿಕೊಂಡೆ. ಬರೀ ದೂರಿದರೆ ನ್ಯಾಯವಲ್ಲ. ಕೊನೆಯಲ್ಲಿ ಮೆಚ್ಚುಗೆಯನ್ನೂ ಸೇರಿಸಿದೆ: 'ಸರಾಸರಿಯ ತಮ್ಮ ಉಪಾಯ ಅಮೋಘ. ಇಂದು ನಮ್ಮ ಮನೆಯ ಉಪ್ಪಿನಕಾಯಿಯ ಮೇಲೆ ಪ್ರಯೋಗಿಸಿದ್ದೇನೆ.' ಪತ್ರ ಕಳಿಸಿ ಕಾಲು ಚಾಚಿ ಕೂತೆ.

ಗುರುವಾರ, ಶುಕ್ರವಾರ, ಶನಿವಾರ ದ್ವೀಪದಲ್ಲಿ ಹಿಮ ಬಿತ್ತು. ನಾನು ಬೆಂಕಿ ಹಾಕಿದೆ, ಕೂಡಿಸಿದೆ, ಉಣಿಸಿದೆ. ಇಬ್ಬರೂ ಬದುಕಿದ್ದರು. ಇತ್ತ ಹೊಳನಗದ್ದೆಯಲ್ಲಿ ಮಳೆ ಬರುವ ಮೊದಲಿನ ಕೆಟ್ಟ ಸೆಕೆ. ಎಡಗಡೆಯ ಕಾಲಂನಲ್ಲಿ ಮಾಡಲು ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸುಮಂಗಲಾಳ ಫೋನು ಬಂತು. "ಹೊನ್ನಾವರ ಸೇತುವೆ ದಾಟಿದ್ವಿ. ಭರಣಿ ತೆಗೆದು ಮೇಜಿನ ಮೇಲಿಡಿ. ಡಬ್ಬಕ್ಕೆ ತುಂಬಿ ಹಂಗೇ ಹೊರಡೂದು, ಸುಧಾಕರಂಗೆ ಹೊತ್ತಾಗ್ತದೆ."

ಇಟ್ಟೆ. ಕಾರು ಬಂದು ನಿಂತಿತು. ಪ್ಲಾಸ್ಟರ್ ಹಾಕಿದ ಕೈ ಎದೆಗಪ್ಪಿಕೊಂಡು ವೀಣಾ, ಹಿಂದೆ ಸುಧಾಕರ, ಮುಂದೆ ಒಣ ಚಮಚ ಹಿಡಿದು ಸುಮಂಗಲಾ. ಚಮಚವನ್ನು ಅವಳು ಭಟ್ಕಳದಲ್ಲಿಯೇ ಒರೆಸಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅದನ್ನು ನೋಡಿದಾಗ ಮೊದಲ ಬಾರಿಗೆ ನಾನು ತೊಳೆದ ಸೌಟು ನೆನಪಾಯಿತು.

ಅವಳು ಬಟ್ಟೆ ಬಿಚ್ಚಿದಳು. ಭರಣಿಯ ಬಾಯಿಯಲ್ಲಿ ಹಿಮ ಬಿದ್ದಿತ್ತು.

ಅಂಚಿನಿಂದ ಅಂಚಿಗೆ, ಹತ್ತಿ ಹಾಸಿದಂಥ ಬಿಳಿ ಬೂಷ್ಟು. ಸುಧಾಕರ ಭರಣಿಯನ್ನು ನೋಡಿದ, ಕೈಯಲ್ಲಿದ್ದ ಖಾಲಿ ಡಬ್ಬವನ್ನು ನೋಡಿದ, ಆಮೇಲೆ ಡಬ್ಬದ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಎಂತ ಮಾಡಿದ್ರಿ?" ಸುಮಂಗಲಾ ಕೇಳಿದಳು. ದನಿ ಏರಿರಲಿಲ್ಲ. ಅದು ಇನ್ನೂ ಕೆಟ್ಟ ಲಕ್ಷಣ.

"ಸಣ್ಣ ಭರಣಿಯದು ಕೆಂಪಾಗಿತ್ತು," ಎಂದೆ.

"ಕೆಂಪು?"

"ಹೊಸದರ ಜೊತೆ ಕೂಡಿಸಿದೆ. ನೀನೇ ಹೇಳಿದ್ದಲ್ಲ, ಸರಾಸರಿ..."

"ಸೌಟು ಒಣಗಿತ್ತಾ?"

"ತೊಳೆದಿದ್ದೆ. ಎರಡು ಸಲ."

ಸುಮಂಗಲಾ ಕುರ್ಚಿಯ ಮೇಲೆ ಕೂತಳು. "ವೀಣಾ, ಕೇಳ್ದ್ಯಾ? ಎರಡು ಸಲ ತೊಳೆದ್ರಂತೆ."

"ಸರಾಸರಿ ಆತಲ್ಲ ಅಕ್ಕ," ಎಂದಳು ವೀಣಾ. "ನಾಕು ಕಾಯಿ ಹಾಳಾಗೂದಿತ್ತು, ಈಗ ಭರಣಿ ಪೂರ್ತಿ ಒಂದೇ ನಮೂನೆ!"

"ನನಗೆ ಆ ನಿಯಮ ಹೇಳಿಕೊಟ್ಟವರು ಯಾರು?" ನಾನೂ ದನಿ ಏರಿಸಿದೆ. "ತಪ್ಪು ನನ್ನದಲ್ಲ. ಆ ಆಟ ಮಾಡಿದವರದು! ಒಣಮೀನು ಕೊಳೆಯುತ್ತದೆ, ಕೊಳೆತ ಕಾಯಿ ಸುಧಾರಿಸುತ್ತದೆ! ಇಂಥ ಸುಳ್ಳನ್ನು ಮನೆ ಮನೆಗೆ ಹಂಚಿದರೆ ಜನ ಏನಾಗಬೇಕು?"

"ಜನ ಎಲ್ಲ ಸಮಾ ಇದ್ರು," ಎಂದಳು ಸುಮಂಗಲಾ. "ಎರಡು ವರ್ಷದಿಂದ ನಾವಿಬ್ರೂ ಆಡ್ತೇ ಇದ್ದೇವೆ. ನಮ್ಮ ಭರಣಿಗೆ ಎಂತ ಆಗಿತ್ತು?"

ನಾನು ಭರಣಿಯ ಬಟ್ಟೆಯನ್ನು ಮಡಿಸತೊಡಗಿದೆ.

ಸದ್ದು ಕೇಳಿ ದೇವಕ್ಕ ಬೇಲಿ ದಾಟಿ ಬಂದಳು. ಭರಣಿಯೊಳಗೆ ಇಣುಕಿದಳು, ನನ್ನತ್ತ ನೋಡಿದಳು, ತಿರುಗಿ ಹೋದಳು. ಎರಡು ನಿಮಿಷದಲ್ಲಿ ಒಣ ಸೀಗಡಿಯ ದೊಡ್ಡ ಪೊಟ್ಟಣದೊಂದಿಗೆ ಬಂದು ಸುಧಾಕರನ ಡಬ್ಬಕ್ಕೆ ತಾನೇ ಸುರಿದಳು. "ಅಲ್ಲಿ ಹೋಗಿ ಚಟ್ನಿ ಮಾಡ್ಕಣಿ. ಬರಿಗೈಲಿ ಹೋಗೂದು ಬೇಡ."

ಸುಧಾಕರನ ಮುಖ ಸ್ವಲ್ಪ ಬೆಳಗಿತು. "ಎಷ್ಟು ದಿನ ಬರ್ತದೆ ದೇವಕ್ಕ?"

"ನಿಮ್ಮ ಭಾವನ ಕೈಗೆ ಕೊಡದಿದ್ರೆ," ಎಂದಳು ದೇವಕ್ಕ, "ಮಳೆಗಾಲ ಪೂರ್ತಿ."

ಕಾರು ಗೋವಾ ಕಡೆ ಹೋಯಿತು. ಸುಧಾಕರ ಇನ್ನು ಎರಡು ವರ್ಷ ಬರುವುದಿಲ್ಲ. ಯಾಣದ ಮರ ಆಗ ಕಾಯಿ ಬಿಟ್ಟರೆ ಬಿಟ್ಟಿತು. ಭರಣಿಯದನ್ನೆಲ್ಲ ತೋಟದ ತುದಿಯಲ್ಲಿ ಗುಂಡಿ ತೋಡಿ ಹಾಕಿದೆ. ಕಪ್ಪು ಮುದ್ದೆ ಗೊಬ್ಬರವಾಗುತ್ತದೆ ಎಂದು ಆಟ ಹೇಳುತ್ತದೆ. ಅಷ್ಟು ಉಪ್ಪು ಬಿದ್ದ ಮೇಲೆ ಆ ಜಾಗದ ಹುಲ್ಲೂ ಸತ್ತಿತು. ಇದನ್ನೂ ಗುರುತು ಮಾಡಿಕೊಂಡಿದ್ದೇನೆ. ಅದು ಅವರ ಮೂರನೆಯ ಸುಳ್ಳು!

ಸೋಮವಾರ ಆಟದವರ ಉತ್ತರ ಬಂತು. ನನ್ನ ಎರಡು ಪುಟಕ್ಕೆ ಎರಡೇ ಸಾಲು. 'ಒಣಮೀನಿನ ವಿಷಯವನ್ನು ಪರಿಶೀಲಿಸುತ್ತೇವೆ. ಉಪ್ಪಿನಕಾಯಿಯನ್ನು ದಯವಿಟ್ಟು ತಿನ್ನಬೇಡಿ.'

ಒಂದು ದಿನ ಮೊದಲೇ ಬಂದಿದ್ದರೂ ಪ್ರಯೋಜನವಿರಲಿಲ್ಲ ಎಂಬುದು ನಿಜ. ಆದರೂ ಸಿಟ್ಟು ಬಂತು.

ಕಳೆದ ವಾರ ವೀಣಾಳ ಪ್ಲಾಸ್ಟರ್ ಬಿಚ್ಚುವ ದಿನ. ಸುಮಂಗಲಾ ಮತ್ತೆ ಭಟ್ಕಳಕ್ಕೆ ಹೊರಟಳು. ಕ್ಯಾಲೆಂಡರಿನ ಇನ್ನೊಂದು ಹಾಳೆ, ಮತ್ತೆ ಎರಡು ಕಾಲಂ. ಈ ಸಲ ನಡುವೆ ಗೆರೆ ಎಳೆದಿದ್ದಳು, ಕೆಂಪು ಶಾಯಿಯಲ್ಲಿ. 'ದ್ವೀಪ'ದ ಕೆಳಗೆ ಏನೂ ಇರಲಿಲ್ಲ.

"ದ್ವೀಪ?" ಎಂದೆ.

"ಟ್ಯಾಬು ದೇವಕ್ಕನ ಹತ್ರ ಕೊಟ್ಟೆ. ಒಂದು ಸಲ ತೋರ್ಸಿದ್ದಕ್ಕೇ ಕಲ್ತಳು."

ನಾನು ಅಲ್ಲಿಯ ಲೆಕ್ಕದಲ್ಲಿ ಹದಿನೆಂಟು ದಿನ ಬೆಂಕಿ ಕಾದ ದ್ವೀಪ! ಯಾವುದೇ ನೋಟಿಸು ಇಲ್ಲದೆ ಅಧಿಕಾರ ಹಸ್ತಾಂತರ! ಪ್ರತಿಭಟಿಸಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಬಸ್ಸಿಗೆ ಹೋಗಿಯಾಗಿತ್ತು. ಮಧ್ಯಾಹ್ನ ಬೇಲಿಯಾಚೆಯಿಂದ ದೇವಕ್ಕನ ದನಿ ಕೇಳಿತು.

"ಪೇಪರಿನವ್ರೆ! ಈ ದ್ವೀಪದ ಮೀನಿಗೆ ಖರೇನೇ ಹೆಸ್ರಿಲ್ಲ ಮಾರಾಯ್ರೆ!"

ಒಬ್ಬ ಸಾಕ್ಷಿಯಾದರೂ ಕೊನೆಗೆ ನನ್ನ ಪರವಾಗಿ ಮಾತಾಡಿದಳಲ್ಲ ಎಂಬ ಸಮಾಧಾನದಲ್ಲಿ ಎಡಗಡೆಯ ಕಾಲಂ ಓದಿದೆ. ಅಲ್ಲಿ ಎರಡು ಸಾಲು ಇತ್ತು.

'ಊಟ ದೇವಕ್ಕ ಕಳಿಸ್ತಾಳೆ. ಉಂಡು ತಟ್ಟೆ ತೊಳೆದಿಡಿ. ತೊಳೆಯೂದು ನಿಮ್ಗೆ ಚೊಲೋ ಬರ್ತದೆ.'

ತೊಳೆದಿಟ್ಟೆ. ಎರಡು ಸಲ.